ಸರದಿ ತಪ್ಪಿದ ವಿದ್ಯುತ್ತು: ಸಮಮಿತ ಘಟಕಗಳ ಸಿದ್ಧಾಂತ ಮತ್ತು ಅದರ ಕನ್ನಡ ಪರಿಭಾಷೆ

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಪ್ರಶ್ನೆ ಎದುರಾದಾಗಲೆಲ್ಲ ಪಾರಿಭಾಷಿಕ ಪದಗಳ ಕೊರತೆಯನ್ನೇ ಮೊದಲ ತೊಡಕೆಂದು ಹೇಳುವುದು ವಾಡಿಕೆ. ಪದಗಳು ಸಿದ್ಧವಾದರೆ ವಿಷಯ ತಾನಾಗಿಯೇ ಕನ್ನಡಕ್ಕೆ ಬಂದೀತೆಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ಪದ ಮೊದಲೋ ವಿಷಯದ ತಿಳಿವಳಿಕೆ ಮೊದಲೋ ಎಂಬುದನ್ನು ಒಂದು ನಿರ್ದಿಷ್ಟ ಪರಿಕಲ್ಪನೆಯನ್ನು ಕನ್ನಡದಲ್ಲಿ ಬುಡದಿಂದ ವಿವರಿಸಿ ನೋಡದೆ ತೀರ್ಮಾನಿಸಲಾಗದು. ಅಂತಹ ಪರೀಕ್ಷೆಗೆ ವಿದ್ಯುತ್ ಎಂಜಿನಿಯರಿಂಗಿನ 'ಸಮಮಿತ ಘಟಕಗಳ ಸಿದ್ಧಾಂತ' ತಕ್ಕ ವಸ್ತುವಾಗಿದೆ. ತ್ರೀ ಫೇಸ್ ವಿದ್ಯುತ್ ಜಾಲದಲ್ಲಿ ಒಂದು ತಂತಿ ಕಡಿದು ನೆಲಕ್ಕೆ ಬಿದ್ದಾಗ, ಎರಡು ತಂತಿಗಳು ಒಂದನ್ನೊಂದು ತಾಗಿದಾಗ, ಒಂದು ಫೇಸ್ ಹೋಗಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟಾಗ ನಿಜಕ್ಕೂ ಆಗುವುದೇನು ಎಂಬುದನ್ನು ತಿಳಿಸುವ ಸಿದ್ಧಾಂತವಿದು. ಇದನ್ನು ಕಲಿಸುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಇದು ವಿವರಿಸುವ ಅವಘಡಗಳು ಸಂಭವಿಸುವುದಾದರೋ ಕನ್ನಡವಾಡುವ ಹೊಲಗದ್ದೆಗಳಲ್ಲಿ, ಬೀದಿಗಳಲ್ಲಿ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021-22ನೆಯ ಶೈಕ್ಷಣಿಕ ವರ್ಷದಿಂದ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಹೀಗಾಗಿ ಈ ಪರೀಕ್ಷೆ ಈಗ ಕೇವಲ ತಾತ್ತ್ವಿಕ ಕುತೂಹಲವಾಗಿ ಉಳಿದಿಲ್ಲ. ಪ್ರಸ್ತುತ ಲೇಖನವು ಸಿದ್ಧಾಂತವನ್ನು ಮೊದಲು ವಿವರಿಸಿ, ಅದಕ್ಕೆ ಇಡಬೇಕಾದ ಹೆಸರುಗಳ ಪ್ರಶ್ನೆಯನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತದೆ. ಈ ಅನುಕ್ರಮ ಉದ್ದೇಶಪೂರ್ವಕವಾದುದು.

ಮೂರು ತಂತಿ, ಮೂರು ಸರದಿ

ಕರ್ನಾಟಕದ ಗ್ರಾಮಗಳಲ್ಲಿ 'ತ್ರೀ ಫೇಸ್' ಎಂಬುದು ಇಂದು ಅಚ್ಚಗನ್ನಡದ ಮಾತಿನಷ್ಟೇ ಬಳಕೆಯಲ್ಲಿದೆ. ತ್ರೀ ಫೇಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ನೀರು ಹಾಯಿಸುವ ರೈತನ ನಿದ್ದೆ ಎಚ್ಚರಗಳು ನಿಂತಿವೆ. ಆದರೆ ಈ ಮೂರು ತಂತಿಗಳು ಒಂದೇ ವಿದ್ಯುತ್ತನ್ನು ಹೊರುವ ಮೂರು ದಾರಿಗಳಲ್ಲ. ವಿದ್ಯುಜ್ಜನಕದಲ್ಲಿ ತಿರುಗುವ ಅಯಸ್ಕಾಂತದ ಸುತ್ತ ಮೂರು ಸುರುಳಿಗಳನ್ನು 120 ಡಿಗ್ರಿ ಅಂತರದಲ್ಲಿ ಇಟ್ಟಿರುತ್ತಾರೆ. ಅಯಸ್ಕಾಂತ ತಿರುಗಿದಂತೆ ಒಂದೊಂದು ಸುರುಳಿಯಲ್ಲಿಯೂ ವಿದ್ಯುತ್ ಒತ್ತಡವು ಏರಿ, ಇಳಿದು, ದಿಕ್ಕು ಬದಲಿಸಿ, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಭಾರತದಲ್ಲಿ ಈ ಆವರ್ತನ ಸೆಕೆಂಡಿಗೆ 50 ಸಲ ನಡೆಯುತ್ತದೆ. ಎಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಮೂರು ಸುರುಳಿಗಳೂ ತಮ್ಮ ಶಿಖರವನ್ನು ಒಟ್ಟಿಗೆ ಮುಟ್ಟುವುದಿಲ್ಲ. ಒಂದು ಮುಟ್ಟಿದ ಸುಮಾರು 6.7 ಮಿಲಿಸೆಕೆಂಡಿನ ಮೇಲೆ ಎರಡನೆಯದು, ಅಷ್ಟೇ ಅಂತರದ ಮೇಲೆ ಮೂರನೆಯದು ಮುಟ್ಟುತ್ತದೆ. ಈ ಮೂರನ್ನು ಕೆಂಪು, ಹಳದಿ, ನೀಲಿ ಬಣ್ಣಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಹಿಡಿದು ಆರ್, ವೈ, ಬಿ ಎಂದು ಕರೆಯುವುದು ನಮ್ಮಲ್ಲಿ ರೂಢಿ.

ಒಂದೇ ಒರಳಿನ ಸುತ್ತ ನಿಂತು ಮೂವರು ಹೆಂಗಸರು ಭತ್ತ ಕುಟ್ಟುವ ಚಿತ್ರವನ್ನು ಇಲ್ಲಿ ನೆನೆಯಬಹುದು. ಒಬ್ಬಳ ಒನಕೆ ಒರಳಿಗೆ ಬೀಳುವಾಗ ಇನ್ನೊಬ್ಬಳದು ಇಳಿಯುತ್ತಿರುತ್ತದೆ, ಮತ್ತೊಬ್ಬಳದು ಏರುತ್ತಿರುತ್ತದೆ. ಮೂರು ಒನಕೆಗಳ ವೇಗವೂ ಎತ್ತರವೂ ಒಂದೇ. ಬೇರೆಯಾಗಿರುವುದು ಸರದಿ ಮಾತ್ರ. ಆ ಸರದಿ ನಿಯತವಾಗಿರುವುದರಿಂದಲೇ ಒರಳಿಗೆ ಬಿಡುವಿಲ್ಲದೆ ಪೆಟ್ಟು ಬೀಳುತ್ತದೆ, ಒನಕೆಗೆ ಒನಕೆ ತಾಗುವುದಿಲ್ಲ. ತ್ರೀ ಫೇಸ್ ವ್ಯವಸ್ಥೆಯ ಹಿರಿಮೆಯೂ ಇದೇ. ಮೂರು ತಂತಿಗಳ ಪ್ರವಾಹಗಳು ಸಮಪ್ರಮಾಣದಲ್ಲಿದ್ದು ಸರದಿ ತಪ್ಪದೆ ಇದ್ದರೆ ಯಾವ ಕ್ಷಣದಲ್ಲಿ ನೋಡಿದರೂ ಅವುಗಳ ಮೊತ್ತ ಸೊನ್ನೆಯಾಗಿರುತ್ತದೆ. ಒಂದು ತಂತಿಯಲ್ಲಿ ಪ್ರವಾಹ ಗರಿಷ್ಠ ಮಟ್ಟದಲ್ಲಿರುವಾಗ ಉಳಿದೆರಡರಲ್ಲಿ ಅದರ ಅರ್ಧರ್ಧದಷ್ಟು ಪ್ರವಾಹ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಹೋದ ವಿದ್ಯುತ್ತು ಮರಳಿ ಬರಲು ನಾಲ್ಕನೆಯ ತಂತಿ ಬೇಕಿಲ್ಲ. ಮೂರೂ ತಂತಿಗಳು ಪರಸ್ಪರರ ದಾರಿಯಾಗುತ್ತವೆ.

ಸಮತೋಲದ ಅನುಕೂಲ, ಅಸಮತೋಲದ ತೊಡಕು

ವ್ಯವಸ್ಥೆ ಹೀಗೆ ಸಮಮಿತವಾಗಿದ್ದಾಗ ಎಂಜಿನಿಯರನ ಲೆಕ್ಕಾಚಾರ ಬಲು ಸುಲಭ. ಒಂದು ಫೇಸಿನ ಲೆಕ್ಕ ತಿಳಿದರೆ ಉಳಿದೆರಡನ್ನು ಬಿಡಿಸಬೇಕಾಗಿಲ್ಲ. ಅವು ಅದೇ ಉತ್ತರದ 120 ಮತ್ತು 240 ಡಿಗ್ರಿ ಹಿಂದೆ ಬಿದ್ದ ರೂಪಗಳು. ನೂರಾರು ಕಿಲೋಮೀಟರ್ ಹರಡಿದ ಜಾಲವನ್ನೂ ಒಂದೇ ತಂತಿಯ ನಕ್ಷೆಯಾಗಿ ಹಾಳೆಯ ಮೇಲೆ ಬರೆಯಬಹುದು.

ದೋಷಗಳು ಮಾತ್ರ ಈ ಸೌಕರ್ಯವನ್ನು ಉಳಿಸುವುದಿಲ್ಲ. ಮೇಲುತಂತಿಯ ಮಾರ್ಗಗಳಲ್ಲಿ ಸಂಭವಿಸುವ ದೋಷಗಳಲ್ಲಿ ಬಹುಪಾಲು ಒಂದೇ ತಂತಿಗೂ ಭೂಮಿಗೂ ಸಂಬಂಧಿಸಿದವು: ಮರದ ಕೊಂಬೆ ತಾಗುವುದು, ಇನ್ಸುಲೇಟರ್ ಒಡೆಯುವುದು, ತಂತಿ ಕಡಿದು ಬೀಳುವುದು. ಗಾಳಿಗೆ ಎರಡು ತಂತಿಗಳು ತಾಗಿಕೊಳ್ಳುವುದು ಇನ್ನೊಂದು ಬಗೆ. ಎರಡು ತಂತಿಗಳು ಒಟ್ಟಿಗೆ ಭೂಮಿಗೆ ತಾಗುವುದು ಮತ್ತೊಂದು. ಮೂರೂ ತಂತಿಗಳು ಏಕಪ್ರಕಾರವಾಗಿ ಸಿಕ್ಕಿಕೊಳ್ಳುವ ದೋಷವೊಂದೇ ಸಮಮಿತವಾದುದು, ಅದು ವಿರಳ. ಉಳಿದ ಮೂರು ಬಗೆಗಳಲ್ಲಿಯೂ ಮೂರು ಫೇಸುಗಳು ಪ್ರಮಾಣದಲ್ಲಿ ಬೇರೆ ಬೇರೆ, ಸರದಿಯಲ್ಲಿ ಅಸ್ತವ್ಯಸ್ತ. ಒಂದರ ಲೆಕ್ಕ ಇನ್ನೊಂದರದಾಗುವುದಿಲ್ಲ. ಸಾಲದ್ದಕ್ಕೆ ಒಂದು ತಂತಿಯ ಪ್ರವಾಹ ಪಕ್ಕದ ತಂತಿಗಳಲ್ಲಿಯೂ ಒತ್ತಡವನ್ನು ಪ್ರೇರಿಸುವುದರಿಂದ ಮೂರು ಲೆಕ್ಕಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ತ್ರೀ ಫೇಸ್ ಮಾರ್ಗಗಳು ಬಳಕೆಗೆ ಬಂದ ಎಷ್ಟೋ ವರ್ಷಗಳವರೆಗೆ ಈ ತೊಡಕಿಗೆ ಸಾರ್ವತ್ರಿಕ ಪರಿಹಾರ ಇರಲಿಲ್ಲ. ಮೈಸೂರು ಸಂಸ್ಥಾನವೂ ಆ ಕಾಲಕ್ಕೆ ಸೇರಿದುದೇ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಇಂತಹ ಮಾರ್ಗಗಳ ಅಸಮತೋಲವನ್ನು ಕ್ರಮಬದ್ಧವಾಗಿ ವಿಶ್ಲೇಷಿಸುವ ವಿಧಾನ ಪ್ರಕಟವಾದದ್ದು ಅದಾದ 16 ವರ್ಷಗಳ ಮೇಲೆ.

ಫೋರ್ಟೆಸ್ಕ್ಯೂ ಅವರ ಪ್ರಬಂಧ

ಚಾರ್ಲ್ಸ್ ಲೆಗೈಟ್ ಫೋರ್ಟೆಸ್ಕ್ಯೂ 1876ರಲ್ಲಿ ಕೆನಡಾದ ಹಡ್ಸನ್ ಕೊಲ್ಲಿಯ ತೀರದ ಯಾರ್ಕ್ ಫ್ಯಾಕ್ಟರಿ ಎಂಬ ತುಪ್ಪಳ ವ್ಯಾಪಾರದ ನೆಲೆಯಲ್ಲಿ ಜನಿಸಿದರು. ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ 1898ರಲ್ಲಿ ಪದವಿ ಪಡೆದು ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯನ್ನು ಸೇರಿದರು. ರೈಲುಮಾರ್ಗಗಳ ವಿದ್ಯುದೀಕರಣಕ್ಕೆ ಸಂಬಂಧಿಸಿದಂತೆ, ಅಸಮತೋಲದ ಹೊರೆ ಹೊತ್ತ ಯಂತ್ರಗಳ ವರ್ತನೆಯನ್ನು ಅವರು 1913ರ ಸುಮಾರಿನಲ್ಲಿ ಪರಿಶೀಲಿಸುತ್ತಿದ್ದರು. ಆ ಸಂದರ್ಭದಲ್ಲಿ ಅವರಿಗೆ ಹೊಳೆದ ಗಣಿತದ ನಿಯಮವು 1918ರ ಜೂನ್ 28ರಂದು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಪ್ರಬಂಧರೂಪದಲ್ಲಿ ಮಂಡಿತವಾಯಿತು.

ಪ್ರಬಂಧದ ತಿರುಳನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಎಷ್ಟೇ ಅಸ್ತವ್ಯಸ್ತವಾಗಿರುವ ಮೂರು ಫೇಸುಗಳ ಸಮೂಹವನ್ನೂ ಕ್ರಮಬದ್ಧವಾದ ಮೂರು ಸಮೂಹಗಳ ಮೊತ್ತವಾಗಿ ಬಿಡಿಸಬಹುದು, ಮತ್ತು ಹಾಗೆ ಬಿಡಿಸುವ ಬಗೆ ಒಂದೇ ಒಂದು. ಸಂಧಿಯಾದ ಪದದಲ್ಲಿ ಮೂಲಪದಗಳು ಮೇಲುನೋಟಕ್ಕೆ ಕಾಣದಿದ್ದರೂ ನಿಯಮ ಬಲ್ಲವನು ಅವನ್ನು ಬಿಡಿಸಿ ತೋರಿಸಬಲ್ಲ. ಫೋರ್ಟೆಸ್ಕ್ಯೂ ಕೊಟ್ಟದ್ದು ಅಂತಹ ಬಿಡಿಸುವ ನಿಯಮವನ್ನು. ಅಸಮತೋಲವೆಂದರೆ ಕ್ರಮವಿಲ್ಲದ ಸ್ಥಿತಿಯಲ್ಲ, ಹಲವು ಕ್ರಮಗಳು ಒಂದರ ಮೇಲೊಂದು ಬಿದ್ದ ಸ್ಥಿತಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಮೂರು ತಂಡಗಳು

ಆ ಮೂರು ಸಮೂಹಗಳನ್ನು ಒರಳಿನ ಉಪಮೆಯಿಂದಲೇ ತಿಳಿಯಬಹುದು. ಮೊದಲನೆಯ ತಂಡದಲ್ಲಿ ಆರ್, ವೈ, ಬಿ ಎಂಬ ಸಹಜವಾದ ಸರದಿಯಲ್ಲಿ ಒನಕೆಗಳು ಬೀಳುತ್ತವೆ. ಇದನ್ನು ಸದ್ಯಕ್ಕೆ ನೇರ ಸರದಿಯ ತಂಡವೆನ್ನೋಣ. ಎರಡನೆಯ ತಂಡದಲ್ಲಿ ಆರ್ ಆದ ಮೇಲೆ ಬಿ, ಆಮೇಲೆ ವೈ. ಪ್ರಮಾಣ ಮೂರಕ್ಕೂ ಸಮ, ಅಂತರವೂ ಸಮ, ಸರದಿ ಮಾತ್ರ ತಿರುವುಮುರುವು. ಇದು ಹಿಮ್ಮುಖ ಸರದಿಯ ತಂಡ. ಮೂರನೆಯ ತಂಡದಲ್ಲಿ ಸರದಿಯೇ ಇಲ್ಲ. ಮೂರು ಒನಕೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಬೀಳುತ್ತವೆ. ಇದು ಏಕಕಾಲದ ತಂಡ. ಮೊದಲೆರಡು ತಂಡಗಳಲ್ಲಿ ಮೂರು ಪ್ರವಾಹಗಳ ಮೊತ್ತ ಸೊನ್ನೆ. ಏಕಕಾಲದ ತಂಡದಲ್ಲಿ ಮಾತ್ರ ಮೂರೂ ಒಂದೇ ದಿಕ್ಕಿಗೆ ಹರಿಯುವುದರಿಂದ ಅವು ಪರಸ್ಪರರ ದಾರಿಯಾಗಲಾರವು. ಅವುಗಳ ಮರುಪಯಣಕ್ಕೆ ನ್ಯೂಟ್ರಲ್ ತಂತಿಯೋ ಭೂಮಿಯೋ ಬೇಕೇ ಬೇಕು. ಸಿದ್ಧಾಂತದ ಪ್ರಾಯೋಗಿಕ ಫಲಗಳಲ್ಲಿ ಅರ್ಧದಷ್ಟು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಪ್ರತಿಯೊಂದು ಪ್ರವಾಹವನ್ನೂ ಒಂದು ಬಾಣವಾಗಿ ಭಾವಿಸುವುದು ಎಂಜಿನಿಯರಿಂಗಿನ ಪದ್ಧತಿ. ಬಾಣದ ಉದ್ದ ಪ್ರವಾಹದ ಪ್ರಮಾಣವನ್ನೂ ಅದರ ದಿಕ್ಕು ಸರದಿಯನ್ನೂ ಸೂಚಿಸುತ್ತದೆ. ಇದನ್ನು ಫೇಸರ್ ಎನ್ನುತ್ತಾರೆ. ನೇರ ಸರದಿಯ ಪಾಲನ್ನು ಹೊರತೆಗೆಯಲು ಆರ್ ಬಾಣವನ್ನು ಇದ್ದಂತೆಯೇ ಇಟ್ಟು, ವೈ ಬಾಣವನ್ನು 120 ಡಿಗ್ರಿ, ಬಿ ಬಾಣವನ್ನು 240 ಡಿಗ್ರಿ ಮುಂದಕ್ಕೆ ತಿರುಗಿಸಿ, ಮೂರನ್ನೂ ಕೂಡಿ ಮೂರರಿಂದ ಭಾಗಿಸಬೇಕು. ಸರದಿಯಲ್ಲಿ ಹಿಂದೆ ನಿಂತವರನ್ನು ಅವರು ಹಿಂದಿದ್ದಷ್ಟೇ ಮುಂದಕ್ಕೆ ಕರೆತಂದರೆ ನೇರ ಸರದಿಯ ಮೂವರೂ ಒಂದೇ ಸಾಲಿಗೆ ಬರುತ್ತಾರೆ. ಉಳಿದೆರಡು ತಂಡಗಳ ಬಾಣಗಳು ಈ ತಿರುಗಾಟದಲ್ಲಿ ಮೂರು ದಿಕ್ಕಿಗೆ ಚದುರಿ ಪರಸ್ಪರ ಅಳಿದುಹೋಗುತ್ತವೆ. ಹಿಮ್ಮುಖ ಸರದಿಯ ಪಾಲಿಗೆ ತಿರುಗಣೆಯನ್ನು ಅದಲುಬದಲು ಮಾಡಬೇಕು: ವೈ 240, ಬಿ 120. ಏಕಕಾಲದ ಪಾಲಿಗೆ ಯಾವುದನ್ನೂ ತಿರುಗಿಸದೆ ಹಾಗೆಯೇ ಕೂಡಿ ಮೂರರಿಂದ ಭಾಗಿಸಿದರಾಯಿತು.

ಒಂದು ಸರಳ ಉದಾಹರಣೆಯನ್ನು ನೋಡಬಹುದು. ಆರ್ ತಂತಿಯಲ್ಲಿ 300 ಆಂಪಿಯರ್ ಹರಿಯುತ್ತಿದೆ. ವೈ ಮತ್ತು ಬಿ ತಂತಿಗಳಲ್ಲಿ ಏನೂ ಇಲ್ಲ. ಒಂದು ತಂತಿ ಭೂಮಿಗೆ ತಾಗಿದಾಗಿನ ದೋಷಪ್ರವಾಹದ ಸ್ಥಿತಿ ಇದು. ಸೊನ್ನೆಯನ್ನು ಎಷ್ಟು ತಿರುಗಿಸಿದರೂ ಸೊನ್ನೆಯೇ ಆದ್ದರಿಂದ ಮೂರು ತಂಡಗಳ ಪಾಲೂ ತಲಾ 100 ಆಂಪಿಯರ್ ಎಂದು ಬರುತ್ತದೆ. ಮರಳಿ ಕೂಡಿಸಿದರೆ ಆರ್ ತಂತಿಯಲ್ಲಿ ಮೂರು ನೂರುಗಳೂ ಒಂದೇ ದಿಕ್ಕಿನಲ್ಲಿ ಸೇರಿ 300 ಆಗುತ್ತವೆ. ವೈ ತಂತಿಯಲ್ಲಿ ಮೂರು ನೂರುಗಳು 120 ಡಿಗ್ರಿ ಅಂತರದ ಮೂರು ದಿಕ್ಕಿಗೆ ಎಳೆದು ಸೊನ್ನೆಯಾಗುತ್ತವೆ. ಬಿ ತಂತಿಯದೂ ಅದೇ ಕಥೆ. ಪ್ರವಾಹವಿಲ್ಲದ ತಂತಿಯನ್ನು ಮೂರು ಪ್ರವಾಹಗಳ ಸಮಬಲದ ಎಳೆತವಾಗಿ ಕಾಣುವುದು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ಹಾಗೆ ಕಂಡ ಮೇಲೆ ಒಂದು ಅಸಮಮಿತ ಸಮಸ್ಯೆಯ ಸ್ಥಾನದಲ್ಲಿ ಮೂರು ಸಮಮಿತ ಸಮಸ್ಯೆಗಳು ದೊರೆಯುತ್ತವೆ, ಮತ್ತು ಒಂದೊಂದನ್ನೂ ಹಳೆಯ ಏಕತಂತಿ ನಕ್ಷೆಯ ಸೌಕರ್ಯದಿಂದಲೇ ಬಿಡಿಸಬಹುದು.

ನೆಲಕ್ಕೆ ಬಿದ್ದ ತಂತಿ

ಮೂರು ತಂಡಗಳಿಗೂ ಜಾಲವು ಒಡ್ಡುವ ತಡೆ ಒಂದೇ ಆಗಿರುವುದಿಲ್ಲ. ಈ ತಡೆಯನ್ನು ಇಂಪೀಡೆನ್ಸ್ ಎನ್ನುತ್ತಾರೆ. ಅದರ ಅಳತೆ ಓಮ್‌ಗಳಲ್ಲಿ. ತಂತಿಮಾರ್ಗಕ್ಕಾಗಲಿ ಟ್ರಾನ್ಸ್‌ಫಾರ್ಮರಿಗಾಗಲಿ ಸರದಿ ನೇರವೋ ಹಿಮ್ಮುಖವೋ ಎಂಬ ಭೇದವಿಲ್ಲ; ಆದ್ದರಿಂದ ಮೊದಲೆರಡು ತಂಡಗಳಿಗೆ ಅವು ಒಡ್ಡುವ ತಡೆ ಸಮ. ತಿರುಗುವ ಯಂತ್ರಗಳಿಗೆ ಆ ಭೇದವಿದೆ. ಏಕಕಾಲದ ತಂಡದ ಪ್ರವಾಹ ಭೂಮಿಯ ಮೂಲಕ ಮರಳಬೇಕಾದ್ದರಿಂದ ಮೇಲುತಂತಿ ಮಾರ್ಗಗಳಲ್ಲಿ ಅದಕ್ಕಿರುವ ತಡೆ ಸಾಮಾನ್ಯವಾಗಿ ಎರಡರಿಂದ ಮೂರೂವರೆ ಪಟ್ಟು ಹೆಚ್ಚು.

ದೋಷದ ಬಗೆಗೆ ತಕ್ಕಂತೆ ಮೂರು ತಂಡಗಳ ನಕ್ಷೆಗಳನ್ನು ಒಂದಕ್ಕೊಂದು ಜೋಡಿಸುವ ರೀತಿ ಬದಲಾಗುತ್ತದೆ. ಒಂದು ತಂತಿ ಭೂಮಿಗೆ ತಾಗಿದರೆ ಮೂರು ನಕ್ಷೆಗಳನ್ನು ಸರಪಣಿಯಂತೆ ಸಾಲಾಗಿ ಜೋಡಿಸಬೇಕು. ಮೇಲಿನ ಉದಾಹರಣೆಯಲ್ಲಿ ಮೂರರಲ್ಲೂ ಒಂದೇ ಪ್ರವಾಹ ಬಂದದ್ದು ಇದಕ್ಕಾಗಿಯೇ. ಎರಡು ತಂತಿಗಳು ತಮ್ಮೊಳಗೆ ತಾಗಿದರೆ ಭೂಮಿಯ ಪಾತ್ರವಿಲ್ಲ. ಏಕಕಾಲದ ನಕ್ಷೆಯನ್ನು ಬಿಟ್ಟು ನೇರ ಮತ್ತು ಹಿಮ್ಮುಖ ನಕ್ಷೆಗಳನ್ನು ಸಮಾಂತರವಾಗಿ ಜೋಡಿಸಬೇಕು. ಎರಡು ತಂತಿಗಳು ಭೂಮಿಗೂ ತಾಗಿದರೆ ಮೂರೂ ಸಮಾಂತರ. ಮೂರು ತಂತಿಗಳ ಸಮಮಿತ ದೋಷದಲ್ಲಿ ನೇರ ಸರದಿಯ ನಕ್ಷೆಯೊಂದೇ ಸಾಕು.

ಈ ಲೆಕ್ಕದ ಮಹತ್ವವನ್ನು ಊಹಿಸಿಕೊಂಡ ಅಂಕಿಗಳಿಂದ ತೋರಿಸಬಹುದು. 11 ಕಿಲೋವೋಲ್ಟಿನ ಮಾರ್ಗದಲ್ಲಿ ತಂತಿಗೂ ಭೂಮಿಗೂ ನಡುವಿನ ಒತ್ತಡ ಸುಮಾರು 6,350 ವೋಲ್ಟ್. ನೇರ, ಹಿಮ್ಮುಖ ತಂಡಗಳಿಗೆ ತಲಾ 4 ಓಮ್, ಏಕಕಾಲದ ತಂಡಕ್ಕೆ 12 ಓಮ್ ತಡೆ ಇದೆಯೆಂದುಕೊಳ್ಳೋಣ. ಒಂದು ತಂತಿ ಯಾವ ಅಡ್ಡಿಯೂ ಇಲ್ಲದೆ ಭೂಮಿಗೆ ತಾಗಿದರೆ ಸಾಲಿನ ಒಟ್ಟು ತಡೆ 20 ಓಮ್. ಒಂದೊಂದು ತಂಡದ ಪಾಲು ಸುಮಾರು 317 ಆಂಪಿಯರ್, ತಂತಿಯಲ್ಲಿ ಹರಿಯುವುದು ಅದರ ಮೂರರಷ್ಟು, ಎಂದರೆ 950 ಆಂಪಿಯರಿಗೆ ಮೇಲೆ. ಇಷ್ಟು ಪ್ರವಾಹವನ್ನು ರಿಲೇ ಕೂಡಲೇ ಗುರುತಿಸಿ ಮಾರ್ಗವನ್ನು ಕಡಿದುಹಾಕುತ್ತದೆ.

ಅದೇ ತಂತಿ ಒಣನೆಲದ ಮೇಲೆ ಬಿದ್ದು, ನೆಲದ ಸಂಪರ್ಕದ ರೋಧ 300 ಓಮ್ ಆಯಿತೆನ್ನೋಣ. ಈ ರೋಧವನ್ನು ಲೆಕ್ಕದಲ್ಲಿ ಮೂರು ಪಟ್ಟು ಮಾಡಿ, 900 ಓಮ್ ಎಂದು ಹಿಡಿಯಬೇಕಾಗುತ್ತದೆ. ಏಕೆಂದರೆ ಒಂದು ತಂಡದ ಪಾಲು ದೋಷಪ್ರವಾಹದ ಮೂರನೇ ಒಂದು ಭಾಗ ಮಾತ್ರ. ಆದರೆ ನೆಲದ ಸಂಪರ್ಕದಲ್ಲಿ ಹರಿಯುವುದು ಪೂರ್ಣ ಪ್ರವಾಹ. ಆಗ ತಂಡದ ಪಾಲು ಸುಮಾರು 7 ಆಂಪಿಯರಿಗೂ ತಂತಿಯ ಒಟ್ಟು ಪ್ರವಾಹ ಸುಮಾರು 21 ಆಂಪಿಯರಿಗೂ ಇಳಿಯುತ್ತದೆ. ಆ ಮಾರ್ಗದಲ್ಲಿ ಎಂದಿನಂತೆ 150 ಆಂಪಿಯರಿನ ಹೊರೆ ಇದ್ದರೆ ಇಷ್ಟು ಚಿಕ್ಕ ಏರಿಕೆ, ಪ್ರವಾಹದ ಮಿತಿಯನ್ನಷ್ಟೇ ಕಾಯುವ ರಿಲೇಗೆ ಏನೂ ಅಲ್ಲ. ಮನುಷ್ಯನಿಗೋ ದನಕರುವಿಗೋ ಅದು ಪ್ರಾಣಾಂತಕ.

ಏಕಕಾಲದ ತಂಡದ ಪರಿಕಲ್ಪನೆ ಕೈಹಿಡಿಯುವುದು ಇಲ್ಲಿ. 11 ಕಿಲೋವೋಲ್ಟಿನಿಂದ ಮನೆಬಳಕೆಯ ಒತ್ತಡಕ್ಕೆ ಇಳಿಸುವ, ಹಳ್ಳಿಗರು 'ಟಿ.ಸಿ.' ಎಂದು ಕರೆಯುವ ಟ್ರಾನ್ಸ್‌ಫಾರ್ಮರುಗಳಲ್ಲಿ ಮೇಲಿನ ಬದಿಯ ಸುರುಳಿಗಳನ್ನು ತ್ರಿಕೋನಾಕಾರದ ಡೆಲ್ಟಾ ಜೋಡಣೆಯಲ್ಲಿ ಇಡುವುದು ರೂಢಿ. ಹಳ್ಳಿಯೊಳಗಿನ ಮನೆಗಳ ಹೊರೆ ಮೂರು ಫೇಸುಗಳಿಗೆ ಸಮನಾಗಿ ಹಂಚಿಹೋಗಿರುವುದಿಲ್ಲ. ಆದರೂ ಅದರಿಂದ ಹುಟ್ಟುವ ಏಕಕಾಲದ ಪ್ರವಾಹ ಡೆಲ್ಟಾದೊಳಗೇ ಸುತ್ತುಹೊಡೆಯುತ್ತದೆ, 11 ಕಿಲೋವೋಲ್ಟಿನ ಮಾರ್ಗಕ್ಕೆ ದಾಟುವುದಿಲ್ಲ. ಹಾಗಾಗಿ ಆ ಮಾರ್ಗದಲ್ಲಿ ಮೂರು ಪ್ರವಾಹಗಳ ಮೊತ್ತ ಎಂದಿನ ದಿನಗಳಲ್ಲಿ ಸೊನ್ನೆಗೆ ಹತ್ತಿರ ಇರುತ್ತದೆ. ಮೂರು ತಂತಿಗಳ ಮಾಪಕಗಳ ಹೊರತುದಿಗಳನ್ನು ಒಟ್ಟುಗೂಡಿಸಿ ಆ ಮೊತ್ತವನ್ನಷ್ಟೇ ಗಮನಿಸುವ ರಿಲೇಗೆ 150 ಆಂಪಿಯರಿನ ಹೊರೆ ಕಾಣುವುದೇ ಇಲ್ಲ. ಕಾಣುವುದು 21 ಆಂಪಿಯರಿನ ದೋಷ ಮಾತ್ರ. ಭೂದೋಷದ ರಿಲೇಯನ್ನು ಹೊರೆಯ ಪ್ರವಾಹಕ್ಕಿಂತ ಬಹಳ ಕೆಳಗಿನ ಮಿತಿಗೆ ಹೊಂದಿಸಬಹುದಾದದ್ದು ಈ ಕಾರಣದಿಂದ. ಗಣಿತದ ಬಿಡಿಸುವಿಕೆ ಹಾಳೆಯ ಮೇಲಿನ ಉಪಾಯವಷ್ಟೇ ಅಲ್ಲ, ಅಳೆದು ತೋರಿಸಬಹುದಾದ ವಾಸ್ತವವೂ ಹೌದು ಎಂಬುದಕ್ಕೆ ಇದು ನಿದರ್ಶನ.

ಆದರೆ ಇದಕ್ಕೂ ಮಿತಿಯಿದೆ. ಒಣಮರಳು, ಡಾಂಬರು ಮೊದಲಾದವುಗಳ ಮೇಲೆ ಬಿದ್ದ ತಂತಿಯ ಪ್ರವಾಹ ಇನ್ನೂ ಕಡಿಮೆಯಾಗಿ ಭೂದೋಷದ ರಿಲೇಯ ಕಣ್ಣನ್ನೂ ತಪ್ಪಿಸಬಹುದು. ಬಿದ್ದ ತಂತಿ ಕಿಡಿಯುಗುಳದೆ ಸುಮ್ಮನಿದ್ದ ಮಾತ್ರಕ್ಕೆ ಅದರಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯಕೂಡದು ಎಂಬ ಎಚ್ಚರಿಕೆಯ ಹಿಂದಿರುವ ಶಾಸ್ತ್ರ ಇದು.

ಉಲ್ಟಾ ತಿರುಗುವ ಮೋಟಾರು

ಹಿಮ್ಮುಖ ಸರದಿಯ ಪರಿಣಾಮವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಪಂಪ್‌ಸೆಟ್ಟಿನ ಮೋಟಾರು. ಮೂರು ಪ್ರವಾಹಗಳು ಸರದಿಯಂತೆ ಏರಿಳಿದಾಗ ಮೋಟಾರಿನೊಳಗೆ ತಿರುಗುವ ಕಾಂತಕ್ಷೇತ್ರ ಉಂಟಾಗುತ್ತದೆ. ರೋಟರ್ ಅದನ್ನು ಹಿಂಬಾಲಿಸುತ್ತದೆ. ಸರದಿ ತಿರುವುಮುರುವಾದರೆ ಕಾಂತಕ್ಷೇತ್ರವೂ ಎದುರು ದಿಕ್ಕಿಗೆ ತಿರುಗುತ್ತದೆ. ಹೊಸದಾಗಿ ಜೋಡಿಸಿದ ಮೋಟಾರು ಉಲ್ಟಾ ತಿರುಗಿದರೆ ಯಾವುದಾದರೂ ಎರಡು ವೈರುಗಳನ್ನು ಅದಲುಬದಲು ಮಾಡಬೇಕೆಂಬುದು ಪ್ರತಿಯೊಬ್ಬ ಎಲೆಕ್ಟ್ರಿಷಿಯನ್ನನಿಗೂ ಗೊತ್ತು. ಎರಡನ್ನು ಅದಲುಬದಲು ಮಾಡುವುದೆಂದರೆ ಹಿಮ್ಮುಖ ಸರದಿಯನ್ನು ನೇರ ಸರದಿಯಾಗಿಸುವುದೆಂದೇ ಅರ್ಥ.

ಒಂದು ಫೇಸ್ ಕಡಿದುಹೋದಾಗ ಮೋಟಾರಿಗೆ ಬರುವ ಪ್ರವಾಹವು ಉಳಿದೆರಡು ತಂತಿಗಳಲ್ಲಿ ಒಂದರಿಂದ ಹೋಗಿ ಇನ್ನೊಂದರಿಂದ ಮರಳುತ್ತದೆ. ಇದನ್ನು ಬಿಡಿಸಿದರೆ ಏಕಕಾಲದ ಪಾಲು ಸೊನ್ನೆ, ನೇರ ಮತ್ತು ಹಿಮ್ಮುಖ ಸರದಿಗಳ ಪಾಲು ಸರಿಸಮ. ಎಂದರೆ ಮೋಟಾರಿನೊಳಗೆ ಒಂದೇ ಸಮಯದಲ್ಲಿ ಎರಡು ಕಾಂತಕ್ಷೇತ್ರಗಳು ಎದುರುಬದುರು ದಿಕ್ಕುಗಳಲ್ಲಿ ತಿರುಗುತ್ತಿವೆ. ಮೋಟಾರು ನಿಂತಿರುವಾಗ ಎರಡರ ಎಳೆತವೂ ಸಮ. ಆದ್ದರಿಂದಲೇ ಅದು ಹೊರಡಲಾರದೆ ಗುಂಯ್‌ಗುಡುತ್ತ ಕಾಯುತ್ತದೆ. ಮೊದಲೇ ಓಡುತ್ತಿದ್ದ ಮೋಟಾರಾದರೆ ಓಟವನ್ನು ಮುಂದುವರಿಸೀತು. ಆದರೆ ಅದೇ ಕೆಲಸಕ್ಕೆ ಉಳಿದೆರಡು ತಂತಿಗಳಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಪ್ರವಾಹ ಬೇಕಾಗುತ್ತದೆ. ಜೊತೆಗೆ ಎದುರು ದಿಕ್ಕಿನ ಕಾಂತಕ್ಷೇತ್ರವು ರೋಟರನ್ನು ಸೆಕೆಂಡಿಗೆ ಸುಮಾರು 100 ಸಲ ಹಾದುಹೋಗುತ್ತ ಅದನ್ನು ಕಾಯಿಸುತ್ತದೆ. ಕಾವು ಏರಿ ಸುರುಳಿಯ ಹೊದಿಕೆ ಸುಡುತ್ತದೆ. ರೈತನ ಪಾಲಿಗೆ ಅದು ಮೋಟಾರನ್ನು ಮೇಲೆತ್ತಿಸಿ, ಸುರುಳಿ ಸುತ್ತಿಸಿ, ಅಷ್ಟು ದಿನ ಪೈರು ಒಣಗುವುದನ್ನು ನೋಡುತ್ತ ಕೂರುವ ಲೆಕ್ಕ.

ಹೆಸರುಗಳ ಪ್ರಶ್ನೆ

ಇಷ್ಟರವರೆಗಿನ ವಿವರಣೆ ಇಂಗ್ಲಿಷಿನ ಮೂಲ ಹೆಸರುಗಳ ನೆರವಿಲ್ಲದೆ ಸಾಗಿತು. ಆ ಹೆಸರುಗಳು ಪಾಸಿಟಿವ್ ಸೀಕ್ವೆನ್ಸ್, ನೆಗೆಟಿವ್ ಸೀಕ್ವೆನ್ಸ್, ಝೀರೋ ಸೀಕ್ವೆನ್ಸ್ ಎಂದು. ಪದಕ್ಕೆ ಪದ ಇಟ್ಟರೆ ಇವು ಧನಾನುಕ್ರಮ, ಋಣಾನುಕ್ರಮ, ಶೂನ್ಯಾನುಕ್ರಮ ಎಂದಾಗುತ್ತವೆ. ವ್ಯಾಕರಣದ ದೃಷ್ಟಿಯಿಂದ ಇವುಗಳಲ್ಲಿ ದೋಷವಿಲ್ಲ. ಅರ್ಥದ ದೃಷ್ಟಿಯಿಂದ ಮೂರೂ ದಾರಿ ತಪ್ಪಿಸುತ್ತವೆ. ಗಣಿತದಲ್ಲಿ ಧನ, ಋಣ ಎಂಬವು ಸಂಖ್ಯೆಯ ಚಿಹ್ನೆಗಳು. ವಿದ್ಯುತ್ತಿನಲ್ಲಿ ಆವೇಶದ ಬಗೆಗಳು. ಇಲ್ಲಿ ಅವೆರಡೂ ಇಲ್ಲ. ಇರುವುದು ಸರದಿಯ ದಿಕ್ಕು ಮಾತ್ರ. 'ಋಣಾನುಕ್ರಮ ಪ್ರವಾಹ' ಎಂದು ಓದಿದ ವಿದ್ಯಾರ್ಥಿ ಅದನ್ನು ಕಳೆಯುವ ಚಿಹ್ನೆಯ ಪ್ರವಾಹವೆಂದು ತಿಳಿದರೆ ತಪ್ಪು ಅವನದಲ್ಲ. 'ಶೂನ್ಯಾನುಕ್ರಮ'ವಂತೂ ಪ್ರವಾಹವೇ ಇಲ್ಲವೆಂಬ ಭಾವನೆಯನ್ನು ಮೂಡಿಸುತ್ತದೆ. ಬಿದ್ದ ತಂತಿಯ ಅಪಾಯವನ್ನು ಪತ್ತೆ ಹಚ್ಚುವ ಪ್ರವಾಹಕ್ಕೆ ಇಲ್ಲದಿರುವಿಕೆಯನ್ನು ಧ್ವನಿಸುವ ಹೆಸರು ಬಂದುಬಿಡುತ್ತದೆ.

ಈ ಹೆಸರುಗಳು ಅನಿವಾರ್ಯವೇನೂ ಅಲ್ಲವೆಂಬುದನ್ನು ಇತರ ಭಾಷೆಗಳ ಬಳಕೆ ತೋರಿಸುತ್ತದೆ. ಜರ್ಮನ್ ಭಾಷೆಯಲ್ಲಿ ಇವು ಮಿಟ್‌ಸಿಸ್ಟೆಮ್, ಗೇಗೆನ್‌ಸಿಸ್ಟೆಮ್, ನುಲ್‌ಸಿಸ್ಟೆಮ್. ಮೊದಲೆರಡರ ಅರ್ಥ 'ಜೊತೆಗೆ ಹೋಗುವ ವ್ಯವಸ್ಥೆ', 'ಎದುರು ಹೋಗುವ ವ್ಯವಸ್ಥೆ' ಎಂದು. ಹೆಸರು ಯಂತ್ರದ ತಿರುಗಣೆಯಿಂದಲೇ ಹುಟ್ಟಿದೆ. ಫ್ರೆಂಚರು ಇವನ್ನು ನೇರ, ವಿಲೋಮ, ಹೋಮೋಪೋಲಾರ್ ಘಟಕಗಳೆಂಬ ಅರ್ಥದಲ್ಲಿ ಹೆಸರಿಸುತ್ತಾರೆ. ಅಲ್ಲಿ ಸೊನ್ನೆಯ ಮಾತೇ ಇಲ್ಲ. ಇಂಗ್ಲಿಷಿನೊಳಗೂ ಪರಿಭಾಷೆ ಒಂದೇ ಏಟಿಗೆ ನೆಲೆಗೊಂಡದ್ದಲ್ಲ. ಫೋರ್ಟೆಸ್ಕ್ಯೂ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿ ಬಳಸಿದ್ದು 'ಸಮಮಿತ ನಿರ್ದೇಶಾಂಕಗಳು' ಎಂಬರ್ಥದ ಪದವನ್ನು. 'ಘಟಕಗಳು' ಎಂಬುದು ಬಳಕೆಯಲ್ಲಿ ಮುಂದೆ ಬಂದದ್ದು. ನೂರಕ್ಕೂ ಹೆಚ್ಚು ಪುಟಗಳ ಆ ಪ್ರಬಂಧ ಎಂಜಿನಿಯರುಗಳ ನಿತ್ಯದ ಸಾಧನವಾದದ್ದು ಅದನ್ನು ಬಿಡಿಸಿ ಹೇಳಿದವರಿಂದ. ವ್ಯಾಗ್ನರ್ ಮತ್ತು ಎವಾನ್ಸ್ ಅವರ ಗ್ರಂಥ 1933ರಲ್ಲಿ ಬಂದಿತು. ಈಡಿತ್ ಕ್ಲಾರ್ಕ್ ಅವರ ಗ್ರಂಥದ ಮೊದಲ ಸಂಪುಟ 1943ರಲ್ಲಿಯೂ ಎರಡನೆಯದು 1950ರಲ್ಲಿಯೂ ಪ್ರಕಟವಾದವು. ಕ್ಲಾರ್ಕ್ ಅವರು ಗಣಕಯಂತ್ರಗಳಿಲ್ಲದ ಕಾಲದಲ್ಲಿ ಕೈಲೆಕ್ಕ ಮಾಡುವ ಹುದ್ದೆಯಿಂದ ಮೇಲೆ ಬಂದು, 1947ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗನ್ನು ಬೋಧಿಸಿದವರು. ಲೆಕ್ಕ ಮಾಡುವವರ ಕಷ್ಟವನ್ನು ಬಲ್ಲವರಿಂದ ಸಿದ್ಧಾಂತಕ್ಕೆ ತಿಳಿಯಾದ ಭಾಷೆ ದೊರೆತದ್ದು ಸಹಜವೇ ಆಗಿದೆ.

ಕನ್ನಡಕ್ಕೆ ಮರಳಿದರೆ, ಫೋರ್ಟೆಸ್ಕ್ಯೂ ಪ್ರಬಂಧ ಮಂಡಿಸಿದ 1918ರಲ್ಲಿಯೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದ್ದು ಗಮನಾರ್ಹ. ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬ ವಿಶ್ವಾಸ ಈ ಸಿದ್ಧಾಂತದಷ್ಟೇ ಹಳೆಯದು. ನಂತರದ ದಶಕಗಳಲ್ಲಿ ಆ ವಿಶ್ವಾಸ ಜನಪ್ರಿಯ ವಿಜ್ಞಾನದ ಬರವಣಿಗೆಯಲ್ಲಿ ಶಿವರಾಮ ಕಾರಂತ, ಜೆ. ಆರ್. ಲಕ್ಷ್ಮಣರಾವ್ ಮೊದಲಾದವರಿಂದ ಫಲಿಸಿತು. ತಂತ್ರವಿದ್ಯೆಯ ಬರವಣಿಗೆ ಮಾತ್ರ ಬಹುಮಟ್ಟಿಗೆ ಪದಕೋಶಗಳ ಹಂತದಲ್ಲಿಯೇ ನಿಂತಿತು.

ಪದಕೋಶಗಳ ವಾದದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು ಕಾಣುತ್ತವೆ. ಸಂಸ್ಕೃತಮೂಲದ ಪದಗಳು ಖಚಿತವೂ ಅಖಿಲ ಭಾರತೀಯವೂ ಆಗಿರುತ್ತವೆಂಬುದು ಒಂದು. ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕೆಂಬುದು ಇನ್ನೊಂದು. ಪ್ರಸ್ತುತ ಸಿದ್ಧಾಂತದ ಮಟ್ಟಿಗೆ ಈ ವಿವಾದವೇ ಎರಡನೆಯ ದರ್ಜೆಯದು. 'ವಿಲೋಮ'ವೆಂದರೂ 'ಹಿಂಸರದಿ'ಯೆಂದರೂ ಸರದಿಯ ದಿಕ್ಕು ಮನಸ್ಸಿಗೆ ಬರುತ್ತದೆ. 'ವಿಲೋಮ'ಕ್ಕೆ ಶಾಲೆಯ ಗಣಿತದಲ್ಲಿ ವಿಲೋಮಾನುಪಾತದ ಅರ್ಥ ಮೊದಲೇ ಅಂಟಿಕೊಂಡಿರುವುದರಿಂದ 'ಮುಂಸರದಿ', 'ಹಿಂಸರದಿ', 'ಏಕಕಾಲ' ಎಂಬ ಹೆಸರುಗಳು ಹೆಚ್ಚು ನಿಸ್ಸಂದಿಗ್ಧವೆನ್ನಬಹುದು. ಕೊನೆಯದು ಸಂಸ್ಕೃತದ್ದು, ಮೊದಲೆರಡು ಬಳಕೆಯ ಕನ್ನಡದವು. ಈ ಬೆರಕೆಯಿಂದ ತಿಳಿವಳಿಕೆಗೆ ಯಾವ ಬಾಧಕವೂ ಇಲ್ಲ. ಮುಖ್ಯವಾದುದು ಹೆಸರು ಹುಟ್ಟಿದ ಜಾಗ. 'ಋಣಾನುಕ್ರಮ' ಇಂಗ್ಲಿಷ್ ಪದದಿಂದ ಹುಟ್ಟಿದೆ. 'ಹಿಂಸರದಿ' ಮೋಟಾರಿನ ತಿರುಗಣೆಯಿಂದ ಹುಟ್ಟಿದೆ.

ಮೋಟಾರು ಉಲ್ಟಾ ತಿರುಗಿತೆನ್ನುವ ಹಳ್ಳಿಯ ಎಲೆಕ್ಟ್ರಿಷಿಯನ್ ಮತ್ತು 'ಎದುರು ಹೋಗುವ ವ್ಯವಸ್ಥೆ' ಎಂದ ಜರ್ಮನ್ ಎಂಜಿನಿಯರ್ ಒಂದೇ ವಸ್ತುಸ್ಥಿತಿಯನ್ನು ಕಂಡು ಒಂದೇ ಬಗೆಯ ಮಾತಾಡಿದ್ದಾರೆ. ಇಬ್ಬರ ನಡುವೆ ಉಳಿದಿರುವುದು ಗಣಿತದ ಅಂತರವೇ ಹೊರತು ಭಾಷೆಯ ಅಂತರವಲ್ಲ. ಕಂಬ ಹತ್ತುವ ಪವರ್‌ಮ್ಯಾನ್‌ಗಾಗಲಿ ಕನ್ನಡ ಮಾಧ್ಯಮದಲ್ಲಿ ಓದಿಬಂದ ಡಿಪ್ಲೊಮಾ ವಿದ್ಯಾರ್ಥಿಗಾಗಲಿ ಆ ಗಣಿತವನ್ನು ದಾಟಿಸುವ ಪಠ್ಯಗಳನ್ನು ಬರೆಯಬೇಕಾದರೆ ವಿದ್ಯುತ್ ಎಂಜಿನಿಯರರೂ ಕನ್ನಡ ಅಧ್ಯಾಪಕರೂ ಒಂದೇ ಮೇಜಿನ ಮುಂದೆ ಕೂರಬೇಕಾಗುತ್ತದೆ. ಅಲ್ಲಿ ಕನ್ನಡ ವಿಭಾಗದ ಕೆಲಸ ಸಿದ್ಧಪದಗಳ ಪಟ್ಟಿಯನ್ನು ಒಪ್ಪಿಸಿ ಏಳುವುದಲ್ಲ. ತಂತಿಯಲ್ಲಿ, ನೆಲದಲ್ಲಿ, ಮೋಟಾರಿನಲ್ಲಿ ಏನಾಗುತ್ತಿದೆ ಎಂದು ತನಗೆ ತಿಳಿಯುವವರೆಗೆ ಎಂಜಿನಿಯರನ್ನು ಕೇಳುವುದು, ತಿಳಿದ ಮೇಲೆ ಆ ಸಂಗತಿಗೆ ಜನ ಈಗಾಗಲೇ ಇಟ್ಟಿರುವ ಹೆಸರು ಯಾವುದೆಂದು ಹುಡುಕುವುದು, ಅದು ಸಿಗದಾಗ ಮಾತ್ರ ಹೊಸತನ್ನು ಕಟ್ಟುವುದು.